ಮೊದಲು ನಮ್ಮವಳು ನಡೀಲಿ

6 ಜುಲೈ 2025, ಭಾನುವಾರ. ಬೆಳಗ್ಗೆ 6.20

ಮಗಳು ಆರಾಧನಾಳ ಪಾದ ಹಿಡಿದು ಹೊರಕ್ಕೆ ತಿರುಗಿಸೋದು, ಇಪ್ಪತ್ತು ಸಲ. ಹಿಮ್ಮಡಿ ಎಳೆದು ಹಿಡಿದು ಹತ್ತು ಎಣಿಸೋದು. ಆರು ವರ್ಷದಿಂದ ಇದೇ. ಅವಳು ನಿದ್ದೆಗಣ್ಣಲ್ಲೇ ಕಾಲು ಚಾಚುತ್ತಾಳೆ.

ಹುಟ್ಟಿದಾಗಲೇ ಬಲಪಾದ ಒಳಕ್ಕೆ ಸೊಟ್ಟ. ಹತ್ತನೇ ದಿನದಿಂದ ಪ್ಲಾಸ್ಟರ್. ಆಮೇಲೆ ನಾಲ್ಕು ವರ್ಷ, ಎರಡು ಶೂಗಳ ನಡುವೆ ಕಂಬಿ ಹಾಕಿಕೊಂಡು ಮಲಗಿದಳು. ಸರಿಹೋಯ್ತು ಅಂದ್ಕೊಂಡಿದ್ವಿ. ಹೋದ ವರ್ಷದಿಂದ ಮತ್ತೆ ತಿರುಗ್ತಿದೆ.

ನಾಡಿದ್ದು ಆಪರೇಷನ್. ಒಂದು ಸ್ನಾಯುವಿನ ತುದಿ ಬಿಡಿಸಿ ಪಾದದ ಆಚೆ ಬದಿಗೆ ಕೂರಿಸ್ತಾರಂತೆ. ಚಿದಂಬರ ಡಾಕ್ಟರ್ ಚೀಟಿ ಮೇಲೆ ಗೀಚಿ ತೋರಿಸಿದರು. ನನ್ನ ಗಂಡ ಕಶ್ಯಪ್ ಎಲ್ಲ ಅರ್ಥವಾದ ಹಾಗೆ ತಲೆಯಾಡಿಸಿದ. ನಾನು ಆ ಚೀಟಿ ತಂದು ನರಸಿಂಹಸ್ವಾಮಿ ಪಟದ ಮುಂದೆ ಇಟ್ಟೆ. ನನಗೆ ತಿಳಿದದ್ದು ಅಷ್ಟೇ.

8 ಜುಲೈ, ಮಂಗಳವಾರ. ಸಂಜೆ 5, ಆಸ್ಪತ್ರೆ

ಆಯ್ತು. ತೊಡೆ ತನಕ ಪ್ಲಾಸ್ಟರ್. ಎಚ್ಚರ ಆದಾಗಿನಿಂದ ಕಿರುಚಾಟ. ಎತ್ಕೊಂಡೆ, ಬೇಡ. ನೀರು, ಬೇಡ. ದಿನಾ ನನ್ನ ಜೊತೆ ಹೇಳೋ ಶ್ಲೋಕ ಶುರು ಮಾಡಿದೆ — ‘ಅಮ್ಮ, ನೀನು ಸುಮ್ನಿರು’ ಅಂದಳು.

ಪಕ್ಕದ ಬೆಡ್‌ನಲ್ಲಿ ಮೈತ್ರಿ, ಏಳು ವರ್ಷ. ಇದೇ ತೊಂದರೆ, ಇದೇ ಆಪರೇಷನ್, ನಮಗಿಂತ ಒಂದು ಗಂಟೆ ಮುಂಚೆ. ನೆಮ್ಮದಿಯಾಗಿ ಮಲಗಿದ್ದಳು. ಅವಳಮ್ಮ ಸೌಂದರ್ಯಾ, ಬಿನ್ನಿಪೇಟೆಯವರು, ಸರ್ಕಾರಿ ಆಫೀಸಲ್ಲಿ ಕ್ಲರ್ಕ್. ಎದ್ದು ಬಂದರು. ‘ಅಕ್ಕ, ನಾನೊಂದ್ ನಿಮಿಷ ನೋಡ್ಲಾ?’

ನನ್ನ ಮಗಳ ಹಣೆ ಮೇಲೆ ಅಂಗೈ ಇಟ್ಟು ಬುದ್ಧಂ ಶರಣಂ ಅಂತ ತೀರಾ ಮೆಲ್ಲಗೆ, ಲಾಲಿ ಹಾಡೋ ಹಾಗೆ ಹೇಳ್ತಾ ನಿಂತರು. ಐದು ನಿಮಿಷ. ಮಲಗಿಬಿಟ್ಟಳು.

ಥ್ಯಾಂಕ್ಸ್ ಅಂದೆ. ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಿತ್ತು.

10 ಜುಲೈ

ಮನೆಗೆ ಬಂದ್ವಿ. ಅತ್ತೆ ಆಂಡಾಳಮ್ಮ ದೃಷ್ಟಿ ತೆಗೆದು ಒಳಗೆ ಕರೆದುಕೊಂಡರು. ಆರಾಧನಾ ಅವರಿಗೆ ಹೇಳಿದ್ದೆಲ್ಲ ಸೌಂದರ್ಯಾ ಆಂಟಿ ಕತೆ. ಆಂಟಿ ಹೀಗಂದ್ರು, ಆಂಟಿ ಜಡೆ ಹಾಕಿದ್ರು. ಎರಡು ಹಗಲು ಎರಡು ರಾತ್ರಿ ಕುರ್ಚಿಯಲ್ಲಿ ಕೂತಿದ್ದವಳು ನಾನು. ಆ ಕತೆಯಲ್ಲಿ ನಾನೇ ಇಲ್ಲ.

ಆ ಆಂಟಿ ಯಾವ ಕಡೆಯವರು ಅಂತ ಅತ್ತೆ ಕೇಳಿದರು. ಬೌದ್ಧರು ಅಂದೆ. ಅತ್ತೆ ‘ಓ’ ಅಂದು ಮಗುವಿನ ಬಾಯಿಗೆ ತುತ್ತಿಟ್ಟರು. ಅವರು ಅಷ್ಟಕ್ಕೇ ಬಿಟ್ಟರು. ನಾನು ಬಿಡಲಿಲ್ಲ. ಅಂಥವರ ಕೈಯಲ್ಲಿ ಆದದ್ದು ನನ್ನ ಕೈಯಲ್ಲಿ ಆಗಲಿಲ್ಲವಲ್ಲ — ಹೀಗೆ ಅನ್ನಿಸಿತು. ‘ಅಂಥವರು’. ಸ್ಕೂಲಲ್ಲಿ ಮಕ್ಕಳಿಗೆ ಸಮಾನತೆ ಪಾಠ ಮಾಡೋದು ನಾನೇ.

15 ಜುಲೈ

ದಿನಾ ಸಂಜೆ ಇಬ್ಬರಿಗೂ ವಿಡಿಯೋ ಕಾಲ್. ಮೈತ್ರಿ ಪ್ಲಾಸ್ಟರ್ ಕಾಲು ಚಾಚಿಕೊಂಡು ಕೂತ್ಕೊಂಡೇ ಜಾರ್ತಾ ಮನೆಯೆಲ್ಲ ಸುತ್ತುತ್ತಾಳೆ. ಅಳೋದೇ ಇಲ್ಲ. ನೋವಿನ ಸಿರಪ್ ನಿಲ್ಲಿಸಿ ಮೂರು ದಿನ ಆಯ್ತಂತೆ. ನಮ್ಮವಳು ಬಾತ್‌ರೂಮಿಗೆ ಎತ್ತಿದರೂ ಅಳ್ತಾಳೆ.

ಅಷ್ಟು ಧೈರ್ಯ ಹೇಗೆ ಅಂತ ಕೇಳಿದೆ. ‘ನಾವು ಏನೂ ಕೇಳ್ಕೊಳ್ಳಲ್ಲ ಅಕ್ಕ. ಸುಮ್ನೆ ಕೂರ್ತೀವಿ. ಆಗಬೇಕಾದ್ದು ಆಗುತ್ತೆ’ ಅಂದರು.

ನಾನು ಬೆಳಗ್ಗೆ ನೂರೆಂಟು ಪ್ರದಕ್ಷಿಣೆ ಹಾಕಿ ಬಂದಿದ್ದೆ. ಏನೂ ಕೇಳದವರ ಮಗು ನಗುತ್ತೆ.

17 ಜುಲೈ, ಗುರುವಾರ. ಮಧ್ಯಾಹ್ನ, ಸ್ಟಾಫ್ ರೂಮ್

ಆಸ್ಪತ್ರೆ ಸಿಸ್ಟರ್ ಫೋನ್. ಡಾಕ್ಟರ್ ಮುಂದಿನ ವಾರ ಊರಲ್ಲಿರಲ್ಲ. 22ಕ್ಕೆ ಇದ್ದ ಚೆಕಪ್ 19ಕ್ಕೇ ಬನ್ನಿ. ಗಾಯ ನೋಡಿ ಹೊಸ ಪ್ಲಾಸ್ಟರ್ ಹಾಕ್ತಾರೆ. ಆಮೇಲೆ — ‘ಮೈತ್ರಿ ತಾಯಿ ಫೋನ್ ಸಿಗ್ತಿಲ್ಲ. ನೀವು ದಿನಾ ಮಾತಾಡ್ತೀರಲ್ಲ, ಸ್ವಲ್ಪ ಹೇಳ್ಬಿಡ್ತೀರಾ?’

ಹೇಳ್ತೀನಿ ಅಂದೆ.

ರಾತ್ರಿ 8. ಕಾಲ್ ಬಂತು. ಮಕ್ಕಳು ಮಾತಾಡಿದರು. ಸೌಂದರ್ಯಾ ನನ್ನ ಜೊತೆ ಹತ್ತು ನಿಮಿಷ ಮಾತಾಡಿದರು. ಹೇಳಲಿಲ್ಲ.

18 ಜುಲೈ

ಇವತ್ತೂ ಹೇಳಲಿಲ್ಲ. ನಾಳೆ ಅಲ್ಲಿಂದ ಬಂದ ಮೇಲೆ ಹೇಳಿದರಾಯ್ತು… ನಾಲ್ಕು ದಿನ ತಡವಾದರೆ ಏನಾಗುತ್ತೆ.

19 ಜುಲೈ, ಶನಿವಾರ

ಗಾಯ ಚೆನ್ನಾಗಿ ಒಣಗಿದೆ. ಹೊಸ ಪ್ಲಾಸ್ಟರ್. ಬರ್ತಾ ಒಬ್ಬಳೇ ಸಂಪಿಗೆ ರಸ್ತೆಯಲ್ಲಿ ಇಳಿದು ದೇವಸ್ಥಾನಕ್ಕೆ ಹೋದೆ. ಕಣ್ಣು ಮುಚ್ಚಿದಾಗ ಬಾಯಿಗೆ ಬಂದದ್ದು — ಮೊದಲು ನಮ್ಮವಳು ನಡೀಲಿ. ನಡೀಲಿ ಅಂತಲ್ಲ. ಮೊದಲು.

22 ಜುಲೈ, ಮಂಗಳವಾರ

ಮೂರು ಸಂಜೆ ಅವರ ಕಾಲ್ ಎತ್ತಿರಲಿಲ್ಲ. ಇವತ್ತು ಸೌಂದರ್ಯಾ ಫೋನ್. ರಜೆ ಹಾಕಿ, ಮಗೂನ ಆಟೋದಲ್ಲಿ ಮಲಗಿಸಿಕೊಂಡು ಹೋದರಂತೆ. ಡಾಕ್ಟರ್ ಇಲ್ಲ, 29ಕ್ಕೆ ಬನ್ನಿ ಅಂದರಂತೆ. ಹಿಮ್ಮಡಿ ಹತ್ತಿರ ಚುಚ್ಚುತ್ತೆ ಅಂತಾಳೆ ಅಕ್ಕ, ಆರಾಧನಾಗೂ ಹಾಗಾಗಿತ್ತಾ, ಅಂತ ಕೇಳಿದರು. ಮೊದಲೆರಡು ವಾರ ಹಾಗೇ ಅಂದೆ. ಗೊತ್ತಿಲ್ಲದೆ ಅಂದೆ.

27 ಜುಲೈ, ಭಾನುವಾರ

ಮೈತ್ರಿಗೆ ಜ್ವರ. ಪ್ಲಾಸ್ಟರಿಂದ ವಾಸನೆ. ಅವರ ಯಜಮಾನರು ರವಿಕುಮಾರ್ ಎಮರ್ಜೆನ್ಸಿಗೆ ಎತ್ಕೊಂಡು ಹೋದರಂತೆ. ಪ್ಲಾಸ್ಟರ್ ಕತ್ತರಿಸಿದರೆ ಹಿಮ್ಮಡಿಯಲ್ಲಿ ಹುಣ್ಣು, ಕೀವು. ಅಡ್ಮಿಟ್. ಒಂದು ವಾರದ ಹಿಂದೆ ಬಿಚ್ಚಿದ್ದರೆ ಕೆಂಪಾಗಿದ್ದಾಗಲೇ ಕಾಣ್ತಿತ್ತು ಅಂದರಂತೆ ಅಲ್ಲಿನ ಡಾಕ್ಟರ್.

ಆರಾಧನಾ ಕೇಳಿದಳು, ಮೈತ್ರಿ ಯಾಕೆ ಕಾಲ್ ಮಾಡಿಲ್ಲ.

8 ಆಗಸ್ಟ್, ಶುಕ್ರವಾರ

ಹನ್ನೆರಡು ದಿನ ಬರೆದಿಲ್ಲ.

ವರಮಹಾಲಕ್ಷ್ಮಿ. ಅತ್ತೆ ಕಲಶ ಇಟ್ಟರು. ನಾನು ಹೂವು ಕಟ್ಟಿದೆ, ಆರತಿಗೆ ನಿಂತೆ. ಕೈ ಮುಗಿದರೂ ಒಳಗೆ ಒಂದು ಮಾತೂ ಹುಟ್ಟಲಿಲ್ಲ. ಕೇಳೋಕೆ ಭಯ.

19 ಆಗಸ್ಟ್, ಮಂಗಳವಾರ

ಪ್ಲಾಸ್ಟರ್ ತೆಗೆದರು. ಪಾದ ನೇರ. ಕಾಲು ಸಣ್ಣಗೆ, ಚರ್ಮ ಒಣಗಿ ಪೊರೆ ಬಿಡ್ತಿದೆ. ಎಣ್ಣೆ ಹಚ್ಚುತ್ತಾ ಅತ್ತೆ ಅತ್ತರು. ಕಶ್ಯಪ್ ಬಾಲ್ಕನಿಗೆ ಹೋಗಿ ನಿಂತ. ನನಗೆ ಅಳು ಬರಲಿಲ್ಲ.

24 ಆಗಸ್ಟ್, ಭಾನುವಾರ

ನಡೆದಳು. ಸೋಫಾದಿಂದ ಊಟದ ಟೇಬಲ್ ತನಕ. ಅಂಗಾಲು ಪೂರ್ತಿ ನೆಲಕ್ಕೆ.

ಮೊದಲು ನಮ್ಮವಳೇ. ಕೇಳಿದ್ದು ಕೇಳಿದ ಹಾಗೇ ಸಿಕ್ತು. ದೇವರು ಕೊಟ್ಟನೋ, ನಾನೇ ಕಿತ್ತುಕೊಂಡೆನೋ… ಅವಳು ಟೇಬಲ್ ಹಿಡಿದು ನಿಂತು ಹೇಳಿದ್ದು, ‘ಮೈತ್ರಿಗೆ ತೋರ್ಸೋಣ.’

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೂತೆ.

29 ಆಗಸ್ಟ್, ಶುಕ್ರವಾರ

ಅತ್ತೆಗೆ ಹೇಳಿಬಿಟ್ಟೆ. ಬೆಳಗ್ಗೆ, ಸೊಪ್ಪು ಬಿಡಿಸ್ತಾ ಕೂತಿದ್ದಾಗ. ಸಿಸ್ಟರ್ ಫೋನ್ ಮಾಡಿದ್ದು, ನಾನು ಹೇಳದೇ ಇದ್ದದ್ದು, ದೇವಸ್ಥಾನದಲ್ಲಿ ಕೇಳಿಕೊಂಡದ್ದು. ಬೈತಾರೆ ಅಂದ್ಕೊಂಡೆ. ಬಹಳ ಹೊತ್ತು ಸೊಪ್ಪು ಬಿಡಿಸಿದರು. ಸಂಜೆ ಗುಡಿಗೆ ಹೋಗಿ ತಪ್ಪು ಕಾಣಿಕೆ ಹಾಕಿ ಬರ್ತೀನಿ ಅಂದೆ.

‘ಗುಡಿಗೆ ಆಮೇಲೆ ಹೋಗು ಮಧುರಾ. ಮೊದಲು ಬಿನ್ನಿಪೇಟೆಗೆ ಹೋಗು.’

30 ಆಗಸ್ಟ್, ಶನಿವಾರ. ಮಧ್ಯಾಹ್ನ 3

ಹೋಗಿ ಬಂದೆ. ಮೊದಲ ಮಹಡಿ, ಎರಡು ರೂಮು. ಗೋಡೆಯಲ್ಲಿ ಬುದ್ಧ, ಪಕ್ಕದಲ್ಲಿ ಅಂಬೇಡ್ಕರ್. ಮೈತ್ರಿ ಇನ್ನೂ ಪ್ಲಾಸ್ಟರಲ್ಲೇ, ಮೂರನೇದು. ತುಂಬ ಇಳಿದುಹೋಗಿದ್ದಾಳೆ. ಆರಾಧನಾ ಬಂದಿಲ್ವಾ ಅಂತ ಬಾಗಿಲ ಕಡೆ ನೋಡಿದಳು.

ಸೌಂದರ್ಯಾ ಟೀ ತಂದರು. ಲೋಟ ಮುಟ್ಟದೆ, ತಾರೀಖು ಬದಲಾದದ್ದು ನನಗೆ ಗೊತ್ತಿತ್ತು ಅಂದೆ.

‘ಗೊತ್ತು ಅಕ್ಕ. ಸಿಸ್ಟರ್ ಆಗ್ಲೇ ಹೇಳಿದ್ರು. ನಿಮಗೂ ಮಗು ಟೆನ್ಷನ್. ಮರೆತಿರ್ತೀರಿ, ಬಿಡಿ.’

ಅಲ್ಲೇ ನಿಲ್ಲಿಸಬಹುದಿತ್ತು. ಟೀ ಕುಡಿದು ಎದ್ದು ಬರಬಹುದಿತ್ತು. ಒಂದು ಕ್ಷಣ ನಿಲ್ಲಿಸಿಯೂ ಇದ್ದೆ.

‘ಮರೀಲಿಲ್ಲ’ ಅಂದೆ. ‘ಬೇಕು ಅಂತಲೇ ಹೇಳಲಿಲ್ಲ. ನಿಮ್ಮ ಮಗು ಹಿಂದೆ ಬೀಳಲಿ ಅಂತ.’

ಸೌಂದರ್ಯಾ ಮೈತ್ರಿ ಕಡೆ ತಿರುಗಿ ಟಿವಿ ಜೋರು ಮಾಡಿಕೋ ಅಂದರು. ಆಮೇಲೆ ನನ್ನನ್ನು ಬಾಗಿಲ ತನಕ ಕರೆತಂದು ಮೆಲ್ಲಗೆ ಹೇಳಿದರು.

‘ಅವಳು ಐದು ದಿನ ಕಿರುಚಿದ್ದಾಳೆ ಮೇಡಂ. ಡ್ರೆಸಿಂಗ್ ಮಾಡ್ವಾಗ ನಾನೇ ಕೈ ಹಿಡ್ಕೊಂಡಿದ್ದೆ. ಪರವಾಗಿಲ್ಲ ಅಂತ ನನ್ ಬಾಯಿಂದ ಕೇಳೋಕೆ ಬಂದಿದ್ರೆ, ಅದು ನನ್ ಹತ್ರ ಇಲ್ಲ. ಹೋಗಿ.’

ಮೇಡಂ. ಇಷ್ಟು ದಿನ ಅಕ್ಕ ಆಗಿದ್ದೆ.

31 ಆಗಸ್ಟ್

ನಿನ್ನೆ ರಾತ್ರಿ ಕಶ್ಯಪ್‌ಗೂ ಹೇಳಿದೆ. ಆಗಿನಿಂದ ಮಾತಿಲ್ಲ.

16 ಸೆಪ್ಟೆಂಬರ್, ಮಂಗಳವಾರ. ಸಂಜೆ

ಫಿಸಿಯೋಥೆರಪಿ. ಆರಾಧನಾ ಮೆಟ್ಟಿಲು ಹತ್ತೋದು ಕಲಿತಿದ್ದಾಳೆ. ಹಾಲ್‌ನ ಆ ಕೊನೆಯಲ್ಲಿ ಸೌಂದರ್ಯಾ, ಮೈತ್ರಿ. ಪ್ಲಾಸ್ಟರ್ ತೆಗೆದು ನಾಲ್ಕು ದಿನ ಆಯ್ತಂತೆ. ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಕಲೆ, ಗುಲಾಬಿ ಬಣ್ಣ.

ನಾನು ಎದ್ದು ಹೋಗೋಣ ಅಂತ ಬ್ಯಾಗ್ ತಗೊಂಡೆ. ಅಷ್ಟರಲ್ಲಿ ಆರಾಧನಾ ಅವರ ಹತ್ತಿರ ಹೋಗಿಯೇಬಿಟ್ಟಿದ್ದಳು. ಸೌಂದರ್ಯಾ ಅವಳ ಕೆನ್ನೆ ತಟ್ಟಿದರು, ಅದೇ ಅಂಗೈ. ಸಿಟ್ಟನ್ನ ಮಗುವಿನ ಮೇಲೆ ಒಂದು ಚೂರೂ ಬರಗೊಡಲಿಲ್ಲ. ಇವರ ಜಾಗದಲ್ಲಿ ನಾನಿದ್ದಿದ್ದರೆ… ಉರಿಯಿತು. ಇನ್ನೂ ಉರಿಯುತ್ತೆ. ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತೆ.

ಮೈತ್ರಿಯನ್ನ ನಿಲ್ಲಿಸಬೇಕಿತ್ತು. ಥೆರಪಿಸ್ಟ್ ಇನ್ನೊಂದು ಮಗುವಿನ ಹತ್ತಿರ. ಸೌಂದರ್ಯಾ ಒಬ್ಬರೇ ಎತ್ತೋಕೆ ನೋಡಿದರು, ಅವಳು ಒಂದು ಕಡೆ ವಾಲಿದಳು. ನನ್ನ ಮುಖ ನೋಡದೆ ಹೇಳಿದರು, ‘ಆ ಕಡೆ ಹಿಡ್ಕೊಳ್ಳಿ.’

ಹಿಡ್ಕೊಂಡೆ. ಬೆವೆತ ಪುಟ್ಟ ಕೈ. ಅವರು ಬುದ್ಧಂ ಶರಣಂ ಶುರು ಮಾಡಿದರು, ಮೆಲ್ಲಗೆ. ನಾನು ಬಾಯಿ ಬಿಡಲಿಲ್ಲ. ಆದರೆ ಜುಲೈ ಆದ ಮೇಲೆ ಮೊದಲ ಸಲ ಒಳಗೆ ಏನೋ ಕೇಳಿಕೊಂಡೆ. ನಡೀಲಿ. ಅಷ್ಟೇ, ನಡೀಲಿ.

ಒಂದು ಹೆಜ್ಜೆ. ನೋವಿಗೆ ನನ್ನ ಬೆರಳು ಗಟ್ಟಿಯಾಗಿ ಅದುಮಿದಳು. ಎರಡು. ಮೂರು. ನಾಲ್ಕನೇದಕ್ಕೆ ‘ಬಿಡಿ ಆಂಟಿ’ ಅಂದಳು. ನಾನು ಸೌಂದರ್ಯಾ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು, ಅವತ್ತಿನಿಂದ ಇದೇ ಮೊದಲು. ನಾನು ಕೈ ಬಿಟ್ಟೆ, ಅವಳು ಅಮ್ಮನ ಕೈ ಮಾತ್ರ ಹಿಡಿದು ಐದನೇದು ಇಟ್ಟಳು.