ಗೆಳೆಯರ ಗುಜರಿಗೆ ಬಾರದ ಯಂತ್ರ

೧೪ ನವೆಂಬರ್, ಮಂಗಳವಾರ
ಅಂಗಡಿಯಲ್ಲಿ, ತೂಕದ ಮೇಜಿನ ಪಕ್ಕ

ಪ್ರೀತಿಯ ಸ್ವೆಟರಿಗೆ,

ನಮಸ್ಕಾರವನ್ನು ಮೊದಲೇ ತೂಗಿ ಪಕ್ಕಕ್ಕಿಟ್ಟುಬಿಡುತ್ತೇನೆ. ಆಮೇಲೆ ಬೈಗುಳ ಶುರುವಾದರೆ ಅದಕ್ಕೆ ಜಾಗ ಸಿಗುವುದಿಲ್ಲ.

ನಿನ್ನ ಕಾಗದ ಬಂದು ಒಂದು ಮಳೆಗಾಲವೇ ಮುಗಿಯಿತು. ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ಬರೆಯಲು ಕೂತಾಗಲೆಲ್ಲ ಯಾರಾದರೊಬ್ಬರು ಸುಟ್ಟ ಫ್ಯಾನು ಹಿಡಿದು ಬಂದು, ಅದರೊಳಗಿನ ತಾಮ್ರವೆಲ್ಲ ಚಿನ್ನವೆಂಬಂತೆ ಚೌಕಾಸಿಗೆ ನಿಲ್ಲುತ್ತಾರೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿ ನೋಡಿದ್ದೇನಪ್ಪ. ಹಿಂದೆ ನಿನ್ನ ಯಂತ್ರದ ಕೋಣೆಯ ಗಾಳಿ ಭೋರೆನ್ನುತ್ತಿರುತ್ತದೆ. ನನ್ನ ಮಾತು ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ ನೀನು 'ಹೂಂ' ಎನ್ನುತ್ತೀಯ. ಕಾಗದಕ್ಕೆ ಹಾಗೆ ಹೂಂಗುಟ್ಟಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತಿಗೆಯ ಮಂಡಿನೋವು ಅವಳ ಸಿಟ್ಟಿನ ಹಾಗೆಯೇ ಇದೆ, ಇಳಿದದ್ದೂ ಇಲ್ಲ, ಏರಿದ್ದೂ ಇಲ್ಲ. ಕ್ಷೇಮವಾಗಿಲ್ಲದಿರುವುದು ಅಂಗಡಿಗೂ ಮನೆಗೂ ಸೇರಿದ ಅಂಗಳದ ಮುಂದಿನ ಗೋಡೆಯೊಂದೇ. ಅದು ಈಗ ಇಲ್ಲ. ಒಡೆಸಿದವನು ನಾನು, ಒಡೆಸಿದ್ದು ನಿನ್ನ ಯಂತ್ರಕ್ಕಾಗಿ.

ಮೊದಲಿನಿಂದ ಹೇಳುತ್ತೇನೆ. ಗೊತ್ತಿರುವುದನ್ನೇ ಯಾಕೆ ಹೇಳುತ್ತಾನೆ ಎನ್ನಬೇಡ. ಬೇಕಾದಾಗ ಬೇಕಾದ್ದನ್ನು ಮರೆಯುವುದರಲ್ಲಿ ನೀನು ಮೊದಲಿನಿಂದಲೂ ಗಟ್ಟಿಗ.

ನಾವಿಬ್ಬರೂ ತಳ್ಳುಗಾಡಿ ತಳ್ಳುತ್ತಿದ್ದಾಗ ವಿಮಾ ಕಂಪನಿಯ ಕಟ್ಟಡಕ್ಕೆ ರದ್ದಿ ಕಾಗದ ತರಲು ಹೋಗುತ್ತಿದ್ದೆವಲ್ಲ. ಅಂಚಿನಲ್ಲಿ ಸಾಲು ತೂತಿದ್ದ, ಮಡಿಚಿ ಮಡಿಚಿ ಬರುತ್ತಿದ್ದ ಕಾಗದ. ಒಂದು ಸುಡುಬೇಸಗೆಯ ದಿನ ಅವರು ನಮ್ಮನ್ನು ಯಂತ್ರದ ಕೋಣೆಯೊಳಕ್ಕೇ ಬಿಟ್ಟರು. ಬೀರುಗಳ ಹಾಗೆ ಗೋಡೆಯುದ್ದ ನಿಂತಿದ್ದ ಮೇನ್‌ಫ್ರೇಮು ಎಂಬ ದೈತ್ಯ ಕಂಪ್ಯೂಟರು, ಮೈ ಕೊರೆಯುವ ತಣ್ಣನೆ ಗಾಳಿ. ನಾನು ಮೂಟೆ ಹೊತ್ತು ಹೊರಗೆ ಬಂದೆ. ನೀನು ಬರಲಿಲ್ಲ. ತಿರುಗಿ ಹೋಗಿ ನೋಡಿದರೆ ನೀನು ಆ ಯಂತ್ರದ ಮುಂದೆ ಕಣ್ಣು ಮುಚ್ಚಿಕೊಂಡು ನಿಂತಿದ್ದೆ, ಬೆವರು ಆರಿಸಿಕೊಳ್ಳುತ್ತ. ಅದರ ಲೆಕ್ಕದ ಟೇಪು ಸುರುಳಿ ಹೊರುವ ಕೆಲಸಕ್ಕೆ ಆಳು ಬೇಕಿತ್ತು, ನೀನು ಅಲ್ಲೇ ಸೇರಿಕೊಂಡೆ. ಮುಂದೆ ಅದನ್ನು ನಡೆಸುವವನೇ ಆದೆ. ಬೇಸಗೆಯಲ್ಲೂ ಸ್ವೆಟರ್ ಹಾಕಿಕೊಂಡು ಬೀದಿಯಲ್ಲಿ ನಡೆಯುವ ಒಬ್ಬನೇ ಮನುಷ್ಯನೂ ಆದೆ.

ಬಿಟ್ಟುಹೋಗುವ ದಿನ ಗಾಡಿಯ ಹಿಡಿಯ ಮೇಲೆ ಕೈಯಿಟ್ಟು ನೀನು ಹೇಳಿದ ಮಾತು ನನಗೆ ನೆನಪಿದೆ: "ಆ ಯಂತ್ರ ಎಲ್ಲ ಇನ್ನು ಐದು ವರ್ಷ ಕಣೋ. ಸಣ್ಣ ಕಂಪ್ಯೂಟರ್ ಬಂದಿವೆ, ಅದನ್ನ ಗುಜರಿಗೆ ಹಾಕ್ತಾರಂತೆ. ಅದು ಬಾಗಿಲು ದಾಟಿದ ದಿನ ಅದರ ಜೊತೇಲೇ ನಾನೂ ಬಂದುಬಿಡ್ತೀನಿ. ನೀನು ತೂಗು, ನಾನು ಬಿಚ್ತೀನಿ."

ಅದಕ್ಕೇ ಅಂಗಡಿಯ ಬೋರ್ಡಿನಲ್ಲಿ 'ಗೆಳೆಯರ ಗುಜರಿ' ಎಂದೇ ಬರೆಸಿದ್ದು. ಬಂದವರೆಲ್ಲ ಕೇಳುತ್ತಾರೆ, "ಇನ್ನೊಬ್ಬ ಗೆಳೆಯ ಎಲ್ಲಿ?" ನಾನು ಹೇಳುತ್ತೇನೆ, "ಯಂತ್ರ ಹೋಗಲಿ, ಬರ್ತಾನೆ." ಇಲ್ಲಿಯದು ಕೆಟ್ಟರೆ ಕೆಲಸ ನಿಲ್ಲದಿರಲೆಂದು ಕಂಪನಿ ಇಟ್ಟ ಜೋಡಿ ಯಂತ್ರ ನೋಡಿಕೊಳ್ಳಲು ನೀನು ಈಗಿರುವ ಆ ಊರಿಗೆ ವರ್ಗವಾಗಿ ಹೋದ ಮೇಲೂ ಉತ್ತರ ಬದಲಾಗಲಿಲ್ಲ. ಇಲ್ಲಿಯದು ಹೋದರೆ ಅಲ್ಲಿಯದೂ ಹೋಗುತ್ತದೆ ಎಂಬ ಲೆಕ್ಕ. ಕಂಪನಿಯ ಸಾಹೇಬರನ್ನು ಕೇಳಿದಾಗಲೆಲ್ಲ "ಇನ್ನು ಐದು ವರ್ಷ" ಎನ್ನುತ್ತಿದ್ದರು. ಹಾಗೆ ಹೇಳಿದ ಸಾಹೇಬರೆಲ್ಲ ಒಬ್ಬೊಬ್ಬರಾಗಿ ನಿವೃತ್ತರಾದರು. ಯಂತ್ರ ಮಾತ್ರ ಆಗಲಿಲ್ಲ.

ಕೊನೆಗೆ ಹೋದ ತಿಂಗಳು ಇಲ್ಲಿಯ ಕಂಪನಿಯಿಂದ ಫೋನ್ ಬಂತು. ಕಂಪ್ಯೂಟರ್ ವಿಭಾಗಕ್ಕೆ ಈಗ ಒಬ್ಬ ಮೇಡಂ ಮುಖ್ಯಸ್ಥೆ. ನಮ್ಮ ಮಕ್ಕಳ ವಯಸ್ಸಿನವರು, ಮಾತು ಕತ್ತರಿಸಿಟ್ಟ ಹಾಗೆ. "ಮೇನ್‌ಫ್ರೇಮ್ ಕೋಣೆಯಿಂದ ಹಳೇ ಯಂತ್ರಗಳನ್ನ ತೆಗೀತಾ ಇದೀವಿ, ಲಾರಿ ತನ್ನಿ" ಎಂದರು. ನಾನು ಎದ್ದು ನಿಂತು, ಕೂತು, ಮತ್ತೆ ಎದ್ದೆ. ನಿನಗೆ ಹೇಳಲಿಲ್ಲ. ಯಂತ್ರ ಅಂಗಳಕ್ಕೆ ಬಂದ ಮೇಲೆ "ಸ್ಪ್ಯಾನರ್ ತಗೊಂಡು ಬಾರೋ" ಎಂದು ಒಂದೇ ಸಾಲು ಬರೆದು ನಿನ್ನನ್ನು ಬೆಚ್ಚಿಬೀಳಿಸಬೇಕೆಂದಿದ್ದೆ.

ಮೇಸ್ತ್ರಿಯನ್ನು ಕರೆಸಿದೆ.

"ಎಷ್ಟು ಅಗಲ ಒಡೀಲಿ ಯಜಮಾನ್ರೇ?"

"ಹತ್ತು ಬೀರು ಪಕ್ಕಪಕ್ಕ ನಿಲ್ಲಿಸಿದ್ರೆ ಎಷ್ಟೋ ಅಷ್ಟು."

ಅವನು ಗೋಡೆ ನೋಡಿದ, ನನ್ನನ್ನು ನೋಡಿದ. "ಹಾಗಾದ್ರೆ ಒಡೆಯೋದಲ್ಲ, ಗೋಡೇನೇ ತೆಗೆಯೋದು. ಯಂತ್ರಾನ ಅಲ್ಲೇ ಬಿಚ್ಚಿ ತಂದ್ರೆ ಆಗಲ್ವಾ? ಎಲ್ಲರೂ ಹಾಗೇ ಮಾಡೋದು."

"ಅಲ್ಲಿ ಬಿಚ್ಚಬಾರದು. ಇಡಿಯಾಗಿ ಬರಬೇಕು. ಬಿಚ್ಚೋನು ಬೇರೆ ಇದಾನೆ."

ನಿನ್ನ ಅತ್ತಿಗೆ ಒಳಗಿನಿಂದಲೇ ಕೂಗಿದಳು, "ಆನೆ ಸಾಕ್ತಾರಂತೆ ಮೇಸ್ತ್ರಿ, ಕೇಳೋಕೆ ಹೋಗ್ಬೇಡಿ, ಹೇಳಿದಷ್ಟು ಒಡೀರಿ! ಮನೆ ಗೋಡೆ ಮಾತ್ರ ಮುಟ್ಬೇಡಿ, ಅದಕ್ಕೆ ಒರಗಿ ನಾನು ಕೂತಿರ್ತೀನಿ."

ಗೊತ್ತಾದ ದಿನ ಲಾರಿ, ಕ್ರೇನು, ಹಮಾಲಿಗಳು, ಎಲ್ಲರನ್ನೂ ಕರೆದುಕೊಂಡು ಮೆರವಣಿಗೆಯ ಹಾಗೆ ಹೋದೆ. ಇಸ್ತ್ರಿ ಮಾಡಿದ ಅಂಗಿ ಬೇರೆ. ಮೇಡಂ ಕೋಣೆಯ ಬಾಗಿಲು ತೆಗೆದರು. ಅದೇ ತಣ್ಣನೆ ಗಾಳಿ. ಆದರೆ ಗೋಡೆಯುದ್ದದ ಬೀರುಗಳು ಎಲ್ಲೂ ಕಾಣಲಿಲ್ಲ. ಮೂಲೆಯಲ್ಲಿ ಒಂದು ಕರಿ ಕಪಾಟು ಒಂಟಿಯಾಗಿ ನಿಂತಿತ್ತು.

"ಎಲ್ಲಿ ಮೇಡಂ, ಯಂತ್ರ?"

"ಇದೇ."

"ಇದು ಫ್ರಿಜ್ಜು."

"ಫ್ರಿಜ್ಜಲ್ಲ ಯಜಮಾನ್ರೇ, ಮೇನ್‌ಫ್ರೇಮ್. ಹೊಸದು, ಈಗ ತಾನೇ ಬಂದಿದೆ."

"ಹೊಸದಾ? ಸಾಯ್ತಾ ಇರೋದನ್ನ ಯಾರಾದ್ರೂ ಹೊಸದಾಗಿ ಕೊಂಡ್ಕೋತಾರಾ?"

"ಸಾಯ್ತಾ ಇದೆ ಅಂತ ಯಾರು ಹೇಳಿದ್ದು?"

"ಪೇಪರ್‌ನೋರು. ನಿಮ್ಮ ಹಿಂದಿನ ಸಾಹೇಬ್ರು. ಅವರ ಹಿಂದಿನ ಸಾಹೇಬ್ರು."

"ಅವರೆಲ್ಲ ಈಗ ಎಲ್ಲಿದಾರೆ?"

"ಮನೇಲಿದಾರೆ."

"ಯಂತ್ರ ಎಲ್ಲಿದೆ?"

ನಾನು ಆ ಕಪಾಟಿಗೆ ಒಂದು ಸುತ್ತು ಬಂದು ನೋಡಿದೆ. ಹಳೆಯ ಮೇನ್‌ಫ್ರೇಮನ್ನು ಮಾಡಿಕೊಟ್ಟವರೇ ವಾಪಸ್ ಒಯ್ದರಂತೆ, ಹೊಸದರ ಬೆಲೆಯಲ್ಲಿ ವಜಾ ಮಾಡಿಕೊಂಡು. ಅದೂ ಕಪಾಟಿನಷ್ಟೇ ಇತ್ತಂತೆ. ಲೋ ಸ್ವೆಟರ್, ಅದು ಬೀರುಗಳ ಸಾಲಿನಿಂದ ಕಪಾಟಿಗೆ ಇಳಿದು ಎಷ್ಟೋ ಕಾಲವಾಯಿತಂತಲ್ಲೋ! ಇಷ್ಟು ವರ್ಷದ ಕಾಗದಗಳಲ್ಲಿ ಆ ಒಂದು ಸಾಲು ಬರೆಯಲು ನಿನ್ನ ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತೇನು? ನನ್ನ ಗೋಡೆ ಉಳಿಯುತ್ತಿತ್ತು.

"ಹಾಗಾದ್ರೆ ನಾನು ತಗೊಂಡು ಹೋಗೋದು ಏನನ್ನ?"

ಮೇಡಂ ಪಕ್ಕದ ಸಾಲು ತೋರಿಸಿದರು. ಕಬ್ಬಿಣದ ಚೌಕಟ್ಟುಗಳಲ್ಲಿ ಪಿಜ್ಜಾ ಡಬ್ಬಿಗಳ ಹಾಗೆ ಒಂದರ ಮೇಲೊಂದು ಪೇರಿಸಿಟ್ಟ ಸಣ್ಣ ಸಣ್ಣ ಕಂಪ್ಯೂಟರುಗಳು. "ಇವು. ಮೇನ್‌ಫ್ರೇಮ್ ತೆಗೆದುಹಾಕೋಣ ಅಂತ ಹಿಂದಿನೋರು ತರಿಸಿದ್ದು. ಎರಡು ಸಲ ಪ್ರಯತ್ನ ಮಾಡಿದ್ರು. ಚಿಲ್ಲರೆ ಕೆಲಸ ಎಲ್ಲ ಮಾಡಿದ್ವು. ಪಾಲಿಸಿ ಲೆಕ್ಕ ವರ್ಗಾಯಿಸೋಕೆ ಹೋದಾಗ ಕೈಯೆತ್ತಿಬಿಟ್ವು. ಈಗ ಇವಕ್ಕೇ ವಯಸ್ಸಾಯ್ತು."

ಮದುಮಗನನ್ನು ಕರೆತರಲು ಹೋದವನಿಗೆ ದಿಬ್ಬಣದವರನ್ನು ಕಟ್ಟಿ ಕಳಿಸಿದ ಹಾಗಾಯಿತು.

ನನ್ನ ಸ್ವಭಾವ ನಿನಗೆ ಗೊತ್ತು, ಸುಮ್ಮನೆ ಎತ್ತಿಕೊಂಡು ಬರುವವನಲ್ಲ. "ಒಂದು ಮಾತು ನೇರವಾಗಿ ಹೇಳಿಬಿಡಿ ಮೇಡಂ. ಈ ಮೇನ್‌ಫ್ರೇಮ್ ಅನ್ನೋದು ಏಳ್ತಾ ಇದೆಯೋ, ಬೀಳ್ತಾ ಇದೆಯೋ? ನನ್ನ ಗೋಡೆ ಇದರ ಮೇಲೆ ನಿಂತಿದೆ. ನಿಂತಿತ್ತು."

ಅವರು ನಕ್ಕು ಒಂದು ಕುರ್ಚಿ ಎಳೆದು ಕೊಟ್ಟರು. "ಎರಡೂ ನಿಜ. ಹೊಸದಾಗಿ ಶುರು ಮಾಡೋರು ಯಾರೂ ಇದರ ತಂಟೆಗೆ ಬರಲ್ಲ. ಸಣ್ಣಪುಟ್ಟ ಕಂಪನಿಗಳು ಬಿಟ್ಟೂ ಬಿಟ್ವು. ಆದ್ರೆ ಬ್ಯಾಂಕು, ವಿಮೆ, ಇಂಥ ದೊಡ್ಡೋರಲ್ಲಿ ಸುಮಾರು ಜನ ಬಿಟ್ಟಿಲ್ಲ, ಬದಲಾಯಿಸಿದಾಗೆಲ್ಲ ಮೊದಲಿಗಿಂತ ಶಕ್ತಿ ಇರೋದನ್ನೇ ತರ್ತಾರೆ. ಮೊದಲು ಜನ ಕಂತು ಕಟ್ಟೋಕೆ ಯಾವಾಗಲೋ ಒಮ್ಮೆ ಕೌಂಟರ್‌ಗೆ ಬರ್ತಿದ್ರು. ಈಗ ಹಾಸಿಗೇಲಿ ಮಲಗ್ಕೊಂಡೇ ಫೋನ್ ಒತ್ತಿ ನೋಡ್ತಾರೆ, ಕಟ್ಟಿದ ದುಡ್ಡು ಅಲ್ಲೇ ಇದೆಯೋ ಇಲ್ವೋ ಅಂತ. ಆ ಒತ್ತಿದ್ದೆಲ್ಲ ಬಂದು ಬೀಳೋದು ಈ ಕಪಾಟಿಗೇ."

ನಿನ್ನ ಅತ್ತಿಗೆ ದಿನವಿಡೀ ಹಾಗೆ ಒತ್ತಿ ನೋಡುವವಳು. ಈ ಯಂತ್ರದ ಬೆಳವಣಿಗೆಯಲ್ಲಿ ಅರ್ಧ ಪಾಲು ನಮ್ಮ ಮನೆಯದೇ ಎಂದು ಆಗ ತಿಳಿಯಿತು.

ನಮ್ಮ ಕಸುಬಿನ ಲೆಕ್ಕದಲ್ಲಿ ಹೇಳುವುದಾದರೆ, ಅದು ಲಾರಿ ತೂಗುವ ವೇಬ್ರಿಡ್ಜ್ ಇದ್ದ ಹಾಗೆ. ನಮ್ಮ ಬೀದಿಯಲ್ಲಿ ಯಾರ ಹತ್ತಿರವೂ ಇಲ್ಲ, ಹೊಸದಾಗಿ ಯಾರೂ ಹಾಕಿಸುವುದೂ ಇಲ್ಲ. ಇರುವುದು ಊರಾಚೆ ಒಂದೇ. ಆದರೆ ಅದರ ಮುಂದಿನ ಲಾರಿ ಸಾಲು ಮಾತ್ರ ವರ್ಷವರ್ಷಕ್ಕೂ ಉದ್ದವಾಗುತ್ತಿದೆ. ನಿನ್ನ ಕಸುಬಿನ ವಿಷಯ ನಿನಗೇ ಪಾಠ ಹೇಳುತ್ತಿದ್ದೇನೆ, ಸಹಿಸಿಕೋ.

ಅಲ್ಲಿ ಮೇಡಂ ಹತ್ತಿರ ನಿನ್ನ ವಿಷಯವೂ ಬಂತು. ಅದನ್ನು ಆಮೇಲೆ ಬರೆಯುತ್ತೇನೆ.

ಕೆಳಗೆ ಕ್ರೇನಿನವನು ಸಿಡಿಮಿಡಿಗೊಂಡಿದ್ದ. "ಈ ಡಬ್ಬಿಗಳಿಗಾ ನನ್ನನ್ನ ಕರೆಸಿದ್ದು? ಲಿಫ್ಟಲ್ಲಿ ಇಳೀತವಲ್ರೀ!" ಹಮಾಲಿಗಳು ನಿಜಕ್ಕೂ ಲಿಫ್ಟಿನಲ್ಲೇ ಇಳಿಸಿದರು. ಅವನೋ ಬಂದ ಮೇಲೆ ಏನನ್ನೂ ಎತ್ತದೆ ಹೋಗುವುದಿಲ್ಲವೆಂದು ಹಟ ಹಿಡಿದ. ಕೊನೆಗೆ ಕಂಪನಿಯವರು ಹೊರಗೆ ಹಾಕಿದ್ದ ಕಾಲು ಮುರಿದ ಕುರ್ಚಿಯೊಂದನ್ನು ಕೊಕ್ಕೆಗೆ ಸಿಕ್ಕಿಸಿ, ಆಕಾಶಕ್ಕೆ ಎತ್ತಿ, ಒಂದು ಸುತ್ತು ತಿರುಗಿಸಿ, ಬಹಳ ಜತನದಿಂದ ಲಾರಿಯಲ್ಲಿಟ್ಟ. ಕಿಟಕಿಗಳಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ನಿನ್ನ ಅತ್ತಿಗೆ ಗೋಡೆಯಿಲ್ಲದ ಜಾಗದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಎಲ್ರೀ ಆನೆ?"

"ಬರಲ್ವಂತೆ. ಇನ್ನೂ ಬೆಳೀತಾ ಇದೆಯಂತೆ."

"ನಮ್ಮ ಗೋಡೆ?"

"ಅದು ಇಳಿಮುಖ."

ಅವಳಿಗೆ ನಗು ಬಂತು. ಬಂದದ್ದನ್ನು ಮುಚ್ಚಿಕೊಳ್ಳಲು ಒಳಗೆ ಹೋದಳು. ಹೊರಗೆ ಬಂದವಳು ಮಾತ್ರ ಬೇರೆಯದನ್ನೇ ಕೇಳಿದಳು, "ಹಾಗಾದ್ರೆ ನಿಮ್ಮ ಗೆಳೆಯರೂ ಬರಲ್ವಾ?" ಪುಣ್ಯಕ್ಕೆ ಆಗಲೇ ಯಾರೋ ಹಳೇ ಸೈಕಲ್ ತಂದರು. ತೂಗುವ ನೆಪದಲ್ಲಿ ಎದ್ದೆ.

ಈಗ ಬೀದಿಯವರಿಗೆಲ್ಲ ನಮ್ಮ ಅಂಗಳವೇ ಬಸ್ ಸ್ಟಾಪಿಗೆ ಅಡ್ಡದಾರಿ. ಬೆಳಿಗ್ಗೆ ನಾನು ಹಲ್ಲುಜ್ಜುತ್ತ ನಿಂತರೆ ಆಫೀಸಿಗೆ ಹೋಗುವವರು ಗುಡ್ ಮಾರ್ನಿಂಗ್ ಹೇಳುತ್ತ ಹಾದುಹೋಗುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು "ಸಮಾಜಸೇವೆ ಅಂದ್ರೆ ಇದು" ಎಂದು ನನ್ನ ಕೈ ಕುಲುಕಿದರು. ಬಾಯಿ ತುಂಬ ಪೇಸ್ಟಿದ್ದುದರಿಂದ ನಿಜ ಹೇಳಲಾಗಲಿಲ್ಲ.

ನಿನ್ನ ಮನೆಯವರಿಗೆ ನನ್ನ ನೆನಪು ತಿಳಿಸು, ಮಗಳಿಗೆ ಆಶೀರ್ವಾದ. ನಿನಗೂ ಸೇರಿಸಿಯೇ ಹರಸುತ್ತೇನೆ, ವಯಸ್ಸಿನಲ್ಲಿ ನಾನು ಸ್ವಲ್ಪ ದೊಡ್ಡವನು ಎಂಬ ಅಧಿಕಾರದಿಂದ: ನಿನ್ನ ಎದೆಗೆ ತಂಡಿ ತಟ್ಟದಿರಲಿ, ನಿನ್ನ ಸ್ವೆಟರಿನ ಮೊಣಕೈ ಹರಿಯದಿರಲಿ, ನಿನ್ನ ಕಪಾಟು ತಣ್ಣಗಿರಲಿ.

ಇಂತು ನಿನ್ನವನೇ ಆದ
ತಕ್ಕಡಿ

ಸಹಿ ಹಾಕಿದ ಮೇಲೆ ಬರೆದದ್ದು:

ಆಮೇಲೆ ಬರೆಯುತ್ತೇನೆ ಎಂದಿದ್ದೆನಲ್ಲ. ಆ ಊರಿನ ಯಂತ್ರ ನೋಡಿಕೊಳ್ಳುವವನು ನನ್ನ ಗೆಳೆಯ, ಅವನಿಗೆ ಯಾವಾಗ ಬಿಡುಗಡೆ ಎಂದು ಮೇಡಂ ಅವರನ್ನು ಕೇಳಿದೆ. "ಅವರಾ? ಹೋದ ವರ್ಷವೇ ನಿವೃತ್ತಿ ಆಯ್ತಲ್ಲ! ಗಡಿಯಾರ ಕೊಟ್ಟು, ಫೋಟೋ ತೆಗೆಸಿ ಕಳಿಸಿಕೊಟ್ವಿ. ಸ್ವಲ್ಪ ದಿನಕ್ಕೇ ವಾಪಸ್ ಬಂದ್ರು, ಗುತ್ತಿಗೆ ಮೇಲಾದ್ರೂ ಇಟ್ಕೊಳ್ಳಿ ಅಂತ. ಹೋಗೋಕೆ ನನಗೆ ಬೇರೆ ಜಾಗ ಇಲ್ಲ ಅಂದ್ರು, ಪಾಪ, ಇಟ್ಕೊಂಡ್ವಿ" ಎಂದರು.

ನೀನು ಯಂತ್ರವನ್ನು ಬಿಡಲಾರೆ ಎನ್ನುವುದು ನನಗೆ ಅರ್ಥವಾಗುತ್ತದೆ. ಬೇರೆ ಜಾಗವಿಲ್ಲ ಎಂದೆಯಂತಲ್ಲ, ಅದೊಂದನ್ನು ನನ್ನ ತಕ್ಕಡಿಯ ಮೇಲೆ ಎಷ್ಟು ಸಲ ಇಟ್ಟರೂ ಮುಳ್ಳು ನಿಲ್ಲುತ್ತಿಲ್ಲ. ಬೋರ್ಡು ನೋಡಿ ಯಾರಾದರೂ ಇನ್ನೊಬ್ಬ ಗೆಳೆಯ ಎಲ್ಲಿ ಎಂದು ಕೇಳಿದರೆ ಇನ್ನು ಮುಂದೆ ಏನು ಹೇಳಲಿ, ಅದನ್ನಾದರೂ ಬರೆ.

ಮೇಸ್ತ್ರಿ ಇವತ್ತು ಇಟ್ಟಿಗೆಯ ಲೆಕ್ಕ ಹಿಡಿದು ಬಂದಿದ್ದ. ಈಗಲೇ ಬೇಡ ಎಂದು ಕಳಿಸಿದೆ. ಗೋಡೆ ಹಾಗೇ ತೆರೆದಿದೆ. ಹತ್ತು ಬೀರುಗಳ ಅಗಲ. ಸ್ವೆಟರ್ ಹಾಕಿಕೊಂಡ ಒಬ್ಬ ಮನುಷ್ಯ ಆರಾಮಾಗಿ ಒಳಗೆ ಬರಬಹುದು.