ಗೀಗೀ ಎನ್ನಲು ಒಬ್ಬರು ಬೇಕು

ಬೆಟಗೇರಿ
೨೬-೨-೧೯೭೯

ಗೀಗೀ ಪದದ ಗಾಯಕ ಉಳವಪ್ಪನವರಿಗೆ ಸಿದ್ದಲಿಂಗವ್ವನ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳಲ್ಲ ಎಂದು ಮುಖ ಸಿಂಡರಿಸಬೇಡಿ. ಹೆಂಡತಿ, ಮಗಳನ್ನು ಬಿಟ್ಟು ಲಕ್ಷ್ಮೇಶ್ವರದಲ್ಲಿ ಮನೆ ಹಿಡಿದವರಿಗೆ ಕಾಗದ ಮುಟ್ಟಬೇಕಾದರೆ ಹೆಸರು ಬರೆಯಲೇಬೇಕು.

ನಿಮ್ಮ ಕಾಗದ ಬಂತು, ಅದರೊಳಗೆ ಮಡಿಸಿಟ್ಟ ಹ್ಯಾಂಡ್‌ಬಿಲ್ಲೂ ಬಂತು. 'ಹರದೇಶಿ ಹುಲಿ' ಅಂತೆ! ಹೋಳಿಗೆ ಈ ಹುಲಿ ಎಲ್ಲೆಲ್ಲಿ ಗರ್ಜಿಸುತ್ತದೆ ಎಂದು ಓದಿದೆ. ಹರ್ತಿಯ ಚಾವಡಿ ಕಟ್ಟೆ. ಶಿರಹಟ್ಟಿಯಲ್ಲಿ ಯಾರದೋ ಎಣ್ಣೆ ಗಾಣದ ಹಿತ್ತಲು. ನಮ್ಮ ನೇಕಾರ ಓಣಿಯಲ್ಲಿ ಎರಡು ಮನೆಗಳ ನಡುವಿನ ಸಂದಿ. ಅಲ್ಲಿ ಹಾಡುವವರು ನಿಂತರೆ ಕೇಳುವವರಿಗೆ ಜಾಗವಿಲ್ಲ. ಕೊನೆಗೆ ಮುಂಡರಗಿಯ ಕಾಮಣ್ಣನ ಕಟ್ಟೆ, ಎದುರಿಗೆ ಹಮ್ಮಿಗಿಯ ಹೊಸ ನಾಗೇಶಿ ಮೇಳ. ನೀವು ಗಂಡೇ ಹೆಚ್ಚೆಂದು ಹಾಡುವುದು, ಅವರು ಹೆಣ್ಣೇ ಹೆಚ್ಚೆಂದು ಹಾಡುವುದು, ಸವಾಲಿಗೆ ಉತ್ತರ ಬಾರದವರು ಬಾರಿಸುವ ದಪ್ಪು ನೆಲಕ್ಕಿಟ್ಟು ಸೋಲೊಪ್ಪುವುದು. "ಮೀಸಿ ಮೂಡದ ಮೇಳ, ಒಂದ ಸವಾಲಿಗೆ ದಪ್ಪು ಇಡಸ್ತೇನಿ" ಎಂದು ಬರೆದಿದ್ದೀರಿ. ಯಾವ ಸವಾಲು? ಬೀಜ ಹೆಚ್ಚೋ ಭೂಮಿ ಹೆಚ್ಚೋ, ಅದೇ ತಾನೆ? ಬೇರೆಯದು ನಿಮಗೆಲ್ಲಿ ಬರುತ್ತದೆ!

ಇಷ್ಟೆಲ್ಲ ಜಂಬ ಕೊಚ್ಚಿಕೊಂಡ ಮೇಲೆ ಅಸಲು ವಿಷಯಕ್ಕೆ ಬಂದಿರಿ. ಫಕ್ರುಸಾಬ ಮೇಳ ಬಿಟ್ಟು ಹೋದ, ಹಿಂದೆ ನಿಂತು ಗೀಗೀ ಎನ್ನಲು ಒಬ್ಬರು ಬೇಕು, ಗದಿಗೆವ್ವನನ್ನು ಕಳಿಸು. ಇಷ್ಟು ವರ್ಷ ಮಗಳು ಉಂಡಳೋ ಬಿಟ್ಟಳೋ ಕೇಳದವರಿಗೆ ಈಗ ಅವಳ ಕಂಠದ ನೆನಪಾಯಿತು. ಫಕ್ರುಸಾಬ ಯಾಕೆ ಬಿಟ್ಟನೋ ತಿಳಿಯದಂತೆ! ನಿಮ್ಮ ಪದಕ್ಕೆ ದನಿಗೂಡಿಸಿಯೇ ಕೂದಲು ಹಣ್ಣಾದವನನ್ನು ಲಕ್ಕುಂಡಿಯಲ್ಲಿ ಜನರೆದುರು ಕತ್ತೆ ಎಂದು ಬೈದವರು ಯಾರು? ಅವತ್ತು ತಾಳ ತಪ್ಪಿದವರು ನೀವು. ಕೇಳಿದವರೆಲ್ಲ ಇಲ್ಲಿ ಬಂದು ಹೇಳಿ ನಕ್ಕರು.

ನಾನೂ ನಿಮ್ಮ ಹಿಂದೆ ನಿಂತು ಗಂಟಲು ಹರಿಯುವಂತೆ ಗೀಗೀ ಎಂದವಳೇ. ಆಗ ನಿಮ್ಮ ದನಿಗೆ ಮರುಳಾಗಿದ್ದೆ, ಸುಳ್ಳೇಕೆ ಹೇಳಲಿ. ಒಮ್ಮೆ ನಿಮಗೆ ನಡುವೆ ಕೆಮ್ಮು ಹತ್ತಿದಾಗ ಪದ ನಿಲ್ಲಬಾರದೆಂದು ನಾನು ಎತ್ತಿಕೊಂಡೆ. ಜನ ಇನ್ನೊಂದು ಹಾಡು ಎಂದು ಕೂಗಿದರು. ಮನೆಗೆ ಬಂದವರೇ ಏನಂದಿರಿ? "ಹೆಂಗಸು ಹಿಂದ ನಿಂತ್ರ ಚಂದ. ಮುಂದ ಬಂದ್ರ ಅದು ಮೇಳ ಅಲ್ಲ, ಸಂತಿ." ನನ್ನ ಕೈಯ ತುಂತುಣಿ ಕಿತ್ತು ಗೂಟಕ್ಕೆ ತೂಗುಹಾಕಿದಿರಿ. ಮರುವರ್ಷ ನೀವೇ ಹೊರಟು ಹೋದಿರಿ. ನೀವು ಹೋದದ್ದಕ್ಕಿಂತ ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಈಗ ಮಗಳೂ ಅದೇ ಜಾಗದಲ್ಲಿ ನಿಲ್ಲಬೇಕೆ?

ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಮಗ್ಗದ ಕುಣಿಯಿಂದ ಏಳದೆಯೇ ನಕ್ಕಳು. "ಯವ್ವಾ, ನಾ ಅವರ ಹಿಂದ ನಿಂದ್ರೂದಿಲ್ಲಂತ ಬರದ್ಬಿಡು" ಎಂದಳು. ಬರೆದಿದ್ದೇನೆ. ಹೋಳಿ ಮುಗಿಯುವವರೆಗೆ ಅವಳಿಗೆ ಬಿಡುವೂ ಇಲ್ಲ. ಗೀಗೀ ಎನ್ನಲು ನಿಮ್ಮ ಗಾಣದ ಹಿತ್ತಲಲ್ಲೇ ಯಾರಾದರೂ ಸಿಕ್ಕಾರು, ಹುಡುಕಿಕೊಳ್ಳಿ.

ನಿಮ್ಮ ಹಿಂದೆ ನಿಂತು ಸಾಕಾದ
ಸಿದ್ದಲಿಂಗವ್ವ

ತಾ.ಕ.: ಹಮ್ಮಿಗಿ ಫಕ್ರುಸಾಬನ ಹೆಂಡತಿಯ ತವರು. ಆ ಹೊಸ ಮೇಳ ಕಟ್ಟಿದವನು ಅವನೇ. ಮೀಸೆ ಮೂಡಿಲ್ಲ ಎಂದಿರಲ್ಲ, ಅದು ಖರೆ, ಇನ್ನು ಮೂಡುವುದೂ ಇಲ್ಲ. ಮುಂದೆ ನಿಂತು ಹಾಡುವವಳು ಗದಿಗೆವ್ವ. ನಿಮ್ಮ ಬೀಜ-ಭೂಮಿಯ ಸವಾಲನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವಳು, ಉತ್ತರ ಕಟ್ಟಿಟ್ಟಿದ್ದಾಳೆ. ಗೂಟದ ತುಂತುಣಿ ಇಳಿಸಿ ಹೊಸ ತಂತಿ ಬಿಗಿದಿದ್ದೇನೆ. ಮುಂಡರಗಿಯಲ್ಲಿ ಅವಳ ಹಿಂದೆ ನಿಂತು ಗೀಗೀ ಎನ್ನುವವಳು ನಾನು.