ಸದ್ದು ಮಾಡದ ಕ್ಯಾಮೆರಾ

ಮಾರ್ಚ್ ೩, ಬೆಳಿಗ್ಗೆ

ಜಗತ್ತಿನಲ್ಲಿ ಕ್ಯಾಮೆರಾವನ್ನು ಅರೆದು ಕುಡಿದವರು ಇಬ್ಬರೇ. ಕಂಡುಹಿಡಿದವನು ಸತ್ತ. ಉಳಿದವನು ನಾನು, ಈಗಷ್ಟೇ ಹಲ್ಲುಜ್ಜಿ ಬಂದು ಕೂತಿದ್ದೇನೆ.

ಇವತ್ತೂ ಲೆನ್ಸು ಒರೆಸಿದೆ. ಮುಚ್ಚಳ ಹಾಕಿದೆ. ಧೂಳು ಶತ್ರು. ಭಾವ ಅದಕ್ಕಿಂತ ದೊಡ್ಡ ಶತ್ರು — ಇಷ್ಟು ವರ್ಷ ಸ್ಟುಡಿಯೋ ಇಟ್ಟುಕೊಂಡು, ಪಾಸ್‌ಪೋರ್ಟ್ ಫೋಟೋದಲ್ಲಿ ಸಜ್ಜನರನ್ನೂ ಕಳ್ಳರ ಹಾಗೆ ತೆಗೆಯುವವನು. "ಏಳನೇ ಕ್ಲಾಸಿಗೇ ಓದು ಬಿಟ್ಟವನಿಗೆ ರೇಂಜ್‌ಫೈಂಡರ್ ಕ್ಯಾಮೆರಾ ಯಾಕಪ್ಪಾ?" ಅಂದ. ಅಕ್ಕನನ್ನು ಕೊಟ್ಟ ತಪ್ಪಿಗೆ ನುಂಗಿಕೊಂಡೆ.

ಮಾರ್ಚ್ ೧೧

ಕ್ಯಾಮೆರಾ ನನಗೆ ಮಾರಿದವನು ಹೇಳಿದ ಕಥೆ: ಉಬ್ಬಸದವನೊಬ್ಬ, ದೊಡ್ಡ ಕ್ಯಾಮೆರಾ ಹೊರಲಾರದೆ, ಸಿನಿಮಾ ರೀಲು ಹಿಡಿಯುವಷ್ಟು ಚಿಕ್ಕದು ಮಾಡಿದನಂತೆ. ಅದರ ವಂಶದ್ದು ಇದು. ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ. ಕಿಟಕಿಯಲ್ಲಿ ಒಂದೇ ಮುಖ ಎರಡಾಗಿ ಕಾಣುತ್ತದೆ. ರಿಂಗು ತಿರುಗಿಸಿದರೆ ಒಂದರ ಮೇಲೊಂದು ಬಂದು ಕೂರುತ್ತವೆ. ಒತ್ತಿದರೆ ಸದ್ದೇ ಇಲ್ಲ. ಭಾವನ ಕ್ಯಾಮೆರಾ ಕೆಮ್ಮುತ್ತದೆ, ಅವನ ಹಾಗೇ.

ಅಕ್ಕ ಬಂದಿದ್ದಳು. ೨೮ಕ್ಕೆ ಅವಳ ನರ್ಸ್ ಕೆಲಸದ ಕೊನೇ ದಿನ.

"ನೀನೇ ತೆಗಿಯೋ. ಅವರಿಗೆ ಕ್ಯಾಮೆರಾ ತರಬೇಡಿ ಅಂದಿದೀನಿ."

"ಭಾವ ನಡುವೆ ಬಾಯಿ ಹಾಕಬಾರದು. ಹಾಗಂತ ಹೇಳು."

"ಹೇಳ್ತೀನಿ ಬಿಡು. ನಿನ್ನ ಕಣ್ಣಿನ ಆಪರೇಶನ್ ಯಾವಾಗಲೋ?"

ಮುಂದಿನ ತಿಂಗಳು ಅಂದೆ. ಹದ್ದಿನ ಕಣ್ಣು ನನ್ನದು, ಡಾಕ್ಟರಿಗೇನು ಗೊತ್ತು...

ಮಾರ್ಚ್ ೨೮, ಸಂಜೆ

ಗೆದ್ದೆ. ಇಡೀ ರೀಲು. ವಾರ್ಡಿನ ಬಾಗಿಲಲ್ಲಿ ಅಕ್ಕ. ಮುದುಕ ರೋಗಿಯೊಬ್ಬ ಅವಳ ಕೈ ಹಿಡಿದವನು ಬಿಡಲೇ ಇಲ್ಲ — ಅದೂ ಸಿಕ್ಕಿತು. ಭಾವ ಗೋಡೆಗೊರಗಿ, ಕೈಕಟ್ಟಿ, ನಗುತ್ತಿದ್ದ. ಹೊಟ್ಟೆಕಿಚ್ಚಿಗೆ ಎಷ್ಟು ವೇಷ.

ರೀಲು ತೊಳೆಯಲು ಅವನಿಗೇ ಕೊಟ್ಟೆ. ಉರಿಯಲಿ.

ಏಪ್ರಿಲ್ ೬

ಸ್ಟುಡಿಯೋ. ಭಾವ ರೀಲನ್ನು ಟ್ಯೂಬ್‌ಲೈಟಿಗೆ ಹಿಡಿದ. ಈ ತುದಿಯಿಂದ ಆ ತುದಿಗೆ ಗಾಜಿನ ಹಾಗೆ ಖಾಲಿ.

"ಲೆನ್ಸಿನ ಮುಚ್ಚಳ ತೆಗೀಲೇ ಇಲ್ಲ ಮಹಾರಾಯ. ಆ ಕಿಟಕೀಲಿ ನಿಂಗೆ ಎಲ್ಲಾ ಚೆನ್ನಾಗೇ ಕಾಣ್ತಿರುತ್ತೆ. ರೀಲಿಗೆ ಕತ್ತಲು."

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ಫೋಟೋಗೇ. ಕರೀ ಲೆನ್ಸು, ಕರೀ ಮುಚ್ಚಳ, ಬೇರೆಯವರಿಗೆ ಗೊತ್ತಾಗಲ್ಲ."

"ಹೇಳಬಾರದಿತ್ತಾ?"

"ಬಾಯಿ ಹಾಕಬೇಡ ಅಂದಿದ್ದು ಯಾರಪ್ಪಾ?"

ಅವನ ಸ್ವಂತ ಹೆಂಡತಿಯ ದಿನ ಅದು. ನನ್ನನ್ನು ಕೆಡವಲು ಅದನ್ನೂ ಬಲಿ ಕೊಟ್ಟ.

ಏಪ್ರಿಲ್ ೯

ಅಕ್ಕ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

"ವಾರ್ಡಿನ ಆ ತಾತ ಮೊನ್ನೆ ಹೋಗಿಬಿಟ್ಟರು ಕಣೋ" ಅಂದಳು. ಆಮೇಲೆ, "ನಿಜ ಹೇಳು. ಎಷ್ಟು ಕೊಟ್ಟೆ ಆ ಕ್ಯಾಮೆರಾಗೆ?"

ನಿಜವನ್ನು ಇಲ್ಲಾದರೂ ಬರೆಯುತ್ತೇನೆ. ಭಾವನಿಗೆ ಹೇಳಿದ್ದು, ಬಹುಮಾನವಾಗಿ ಬಂತು ಅಂತ. ಅಕ್ಕನಿಗೆ, ಐದು ಸಾವಿರ. ಕೊಟ್ಟದ್ದು ನಲವತ್ತೆಂಟು ಸಾವಿರ. ಸ್ಕೂಟರ್ ಮಾರಿ ಬಂದದ್ದು ಹದಿನೆಂಟು. ಉಳಿದ ಮೂವತ್ತು, ನನ್ನ ಕಣ್ಣಿನ ಆಪರೇಶನ್‌ಗೆ ಅಂತ ಅಕ್ಕ ಕೂಡಿಟ್ಟು ಕೊಟ್ಟಿದ್ದು.